ತಮ್ಮನ ಹೆಸರಿನ ಡಬ್ಬಿ

ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತ ಬಂದವಳ ಕಣ್ಣು ಆ ಬೆಳಿಗ್ಗೆ ಮಂಜಾಯಿತು. ಸೂಕ್ಷ್ಮದರ್ಶಕದ ಕೆಳಗೆ, ಗಾಜಿನ ಪಟ್ಟಿಯ ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು. ಕ್ಷಯ. ಡಬ್ಬಿಯ ಮೇಲೆ ತಮ್ಮನ ಹೆಸರು. ಶಾಲೆಯ ಬಸ್ಸು ಓಡಿಸುವ ತಮ್ಮ, ಕೆಮ್ಮುತ್ತಿದ್ದರೂ, ಕೆಲಸ ಹೋದೀತೆಂದು ಹೆದರಿ ಪರೀಕ್ಷೆಯಿಂದ ನುಣುಚಿಕೊಳ್ಳುತ್ತಿದ್ದ. ಎರಡು ತಿಂಗಳು ಬೆನ್ನು ಬಿದ್ದು ಅವಳೇ ಒಪ್ಪಿಸಿದ್ದಳು.

ಮಧ್ಯಾಹ್ನ ಅವನ ಮನೆಗೆ ಹೋದಳು. ಅವಳು ಹೊಸ್ತಿಲು ದಾಟಿದ್ದೇ ತಮ್ಮನ ಹೆಂಡತಿಯ ಹೊಲಿಗೆ ಮೆಷಿನ್ನಿನ ಸದ್ದು ಜೋರಾಯಿತು. ಯಾವಾಗಲೂ ಹಾಗೆಯೇ.

"ಬಂದ್ಯಾ ಪೊಲೀಸಕ್ಕ?" ತಮ್ಮ ಕೆಮ್ಮುತ್ತಲೇ ನಕ್ಕ. "ಕಳ್ಳ ಸಿಗ್ಲಿಲ್ಲ ತಾನೇ?"

"ಸಿಕ್ಕಿದಾನೆ ಕಣೋ. ಆರು ತಿಂಗಳು ಮಾತ್ರೆ ನುಂಗು, ವಾಸಿಯಾಗುತ್ತೆ."

ಅವನ ಮುಖ ಬಿಳಿಚಿಕೊಂಡಿತು. "ಸಿಗೋಕೆ ಸಾಧ್ಯನೇ ಇಲ್ಲ ಅಕ್ಕ."

"ಯಾಕಿಲ್ಲ?"

"ಡಬ್ಬಿಲಿದ್ದಿದ್ದು ನಂದಲ್ಲ. ಇವಳದ್ದು. ಗಟ್ಟಿಮುಟ್ಟಾಗಿದಾಳಲ್ಲ ಅಂತ..."

ಮೆಷಿನ್ ನಿಂತಿತು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ತಾನೇ ಹೇಳಿಕೊಡುವ ಪಾಠ ಅಕ್ಕನಿಗೆ ನೆನಪಾಯಿತು. ಕ್ರಿಮಿ ಎದೆಗೆ ಇಳಿದರೆ ಮೈಯ ಕಾವಲು ಕಣ ಅದನ್ನು ನುಂಗುತ್ತದೆ. ಕ್ರಿಮಿಯೋ, ಅರಗಿಸುವ ರಸ ತನ್ನ ಬಳಿ ಸುಳಿಯದಂತೆ ತಡೆದು, ನುಂಗಿದ ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ. ವಾರಕ್ಕೆರಡು ಸಲ ಈ ಮನೆಗೆ ಬರುತ್ತಿದ್ದವಳು ತಮ್ಮನ ಕೆಮ್ಮನ್ನಷ್ಟೇ ಕೇಳಿಸಿಕೊಂಡಿದ್ದಳು.

ಹತ್ತಿರ ಹೋಗಿ ನೋಡಿದಳು. ತಮ್ಮನ ಹೆಂಡತಿಯ ರವಿಕೆ ಮೈಗೆ ಸರಿಯಾಗಿಯೇ ಕೂತಿತ್ತು. ಆದರೆ ಪಕ್ಕದಲ್ಲಿ ಮೂರು ಸಾಲು ಹೊಲಿಗೆ, ಒಂದಕ್ಕಿಂತ ಒಂದು ಒಳಗೆ, ಮೈ ಇಳಿದಂತೆಲ್ಲ ಬಿಗಿ ಮಾಡಿದ್ದು.

"ಎಷ್ಟು ದಿನದಿಂದ?"

"ಐದು ತಿಂಗಳಾಯ್ತು ಅತ್ತಿಗೆ. ಕೆಮ್ಮು ಕೇಳಿಸ್ಬಾರ್ದು ಅಂತ ನೀವು ಬಂದಾಗ ಮೆಷಿನ್ ಜೋರಾಗಿ ತುಳೀತಿದ್ದೆ."

"ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಇಬ್ರೂ ಮಲಗಿದ್ರೆ ಮನೆ ಹೇಗೆ ನಡೀಬೇಕು?" ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ಸುಮ್ಮನೆ ನೇರ ಮಾಡಿದಳು. "ಇವರು ಡಬ್ಬಿ ತಂದು ಉಗುಳು ಅಂದ್ರು. ನಂದ್ರಲ್ಲಿ ಕ್ರಿಮಿ ಇದ್ದೇ ಇರುತ್ತೆ ಅಂತ ಗೊತ್ತಿತ್ತು. ಇವ್ರಿಗಾದ್ರೂ ಮಾತ್ರೆ ಶುರುವಾಗ್ಲಿ ಅಂತ ಕೊಟ್ಟೆ."

ತಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅಕ್ಕ ಚೀಲದಿಂದ ಎರಡು ಖಾಲಿ ಡಬ್ಬಿ ತೆಗೆದಿಟ್ಟಳು. ಮೆಷಿನ್ ತುಳಿಯದೆ, ಮೊದಲ ಸಲ, ತಮ್ಮನ ಹೆಂಡತಿ ಬಾಯಿ ಬಿಟ್ಟು ಕೆಮ್ಮಿದಳು. ತುಂಬಾ ಹೊತ್ತು ಕೆಮ್ಮಿದಳು.