ಬೆಲೆ ಕೇಳುತ್ತ ನಡೆಯುವ ಕುಲ್ಸುಂ ಬೀ

ಉಮ್ಮೆ ಕುಲ್ಸುಂ ಬೀ ಕೊಳ್ಳದೆ ಬೆಲೆ ಕೇಳುತ್ತಾರೆಂಬುದು ರಸೆಲ್ ಮಾರುಕಟ್ಟೆಯ ಎಲ್ಲ ಅಂಗಡಿಯವರಿಗೂ ಗೊತ್ತು. ನಿಂಬೆಹಣ್ಣಿನ ರಾಶಿಯ ಮುಂದೆ ನಿಲ್ಲುತ್ತಾರೆ, ಒಂದನ್ನೆತ್ತಿ ಮೂಸುತ್ತಾರೆ, ಬೆಲೆ ಕೇಳಿ ಹುಬ್ಬೇರಿಸಿ, ಇಟ್ಟು ಮುಂದೆ ಸಾಗುತ್ತಾರೆ; ಸ್ವಲ್ಪ ದೂರದಲ್ಲಿ ಸೇವಂತಿಗೆಯ ಮುಂದೆ ಮತ್ತೆ ಅದೇ.

"ಖಾಲಾ, ನೀವು ತಗೊಳ್ಳಲ್ಲ, ಸುಮ್ನೆ ಯಾಕೆ ನನ್ ಬಾಯಿ ನೋಯಿಸ್ತೀರಾ?" ಎಂದು ಹೂವಿನ ಅಫ್ಜಲ್ ರೇಗಿಸುತ್ತಾನೆ.

"ಕೇಳಿದ್ರೆ ನಿನ್ ಹೂ ಬಾಡ್ತದಾ?" ಎನ್ನುತ್ತಾರೆ ಅವರು, ಉಸಿರು ಸಾವರಿಸಿಕೊಂಡು.

ಆ ಉಸಿರಿನ ಗುಟ್ಟು ಬಲ್ಲವರು ಹಲಸೂರಿನ ಮುನಿವೆಂಕಟಮ್ಮ ಒಬ್ಬರೇ. ಇಬ್ಬರಿಗೂ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮುಗಿದು, ಉದುರಿದ ಕೂದಲು ಮರಳಿ ಬಂದು, ವಾಸಿಯಾಯಿತೆಂದು ಡಾಕ್ಟರು ಹೇಳಿದ ಮೇಲೂ ಹೋಗದೆ ಉಳಿದದ್ದು ದಣಿವು. ಎಷ್ಟು ಮಲಗಿದರೂ ತೀರದ, ಒದ್ದೆ ಕಂಬಳಿ ಹೊದ್ದಂಥ ದಣಿವು. ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಅದಕ್ಕೆಂದೇ ಮಾರಿಯಾ ವಾರಕ್ಕೊಮ್ಮೆ ನಡೆಸುವ ವ್ಯಾಯಾಮದ ಕ್ಲಾಸಿನಲ್ಲಿ ಇಬ್ಬರೂ ಜೊತೆಯಾದರು. ಗೋಡೆಯ ಮೇಲೆ ಬೆರಳು ಹತ್ತಿಸುವುದು, ಕೈ ಊರದೆ ಕುರ್ಚಿಯಿಂದೇಳುವುದು, ಕೂರುವುದು, ಮತ್ತೆ ಏಳುವುದು.

ಕುರ್ಚಿಯೆಂದರೆ ಕುಲ್ಸುಂ ಬೀಗೆ ಆಗದು. ಚಿಕಿತ್ಸೆ ಶುರುವಾದಂದಿನಿಂದ ಅವರ ನಮಾಜು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ. ಕೈಲಾಗದವರು ಕೂತು ಮಾಡಿದರೆ ತಪ್ಪಿಲ್ಲ. ಆದರೂ ತನ್ನ ಕಾಲ ಮೇಲೆ ನಿಂತು ಕೈಕಟ್ಟಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. ಕ್ಲಾಸಿನ ದಿನಕ್ಕೆಂದು ಶಕ್ತಿ ಕೂಡಿಡಲು ವಾರವೆಲ್ಲ ಮಲಗಿರುತ್ತಿದ್ದರು. ಸೊಸೆ ನೌರೀನ್ ನೀರಿನ ಲೋಟವನ್ನೂ ಕೈಗೇ ತಂದುಕೊಡುತ್ತಿದ್ದಳು. ಕ್ಲಾಸಿನ ದಿನ ಮಾತ್ರ ಮಾರುಕಟ್ಟೆ ದಾಟಿ ಹೋಗಿ, ಅಲ್ಲಿ ಎಲ್ಲರಿಗಿಂತ ಜೋರಾಗಿ ಎದ್ದು ಕೂತು, ಮನೆ ಸೇರುವಾಗ ಬಸವಳಿದಿರುತ್ತಿದ್ದರು.

"ದಿನಾ ಸ್ವಲ್ಪ ಸ್ವಲ್ಪ ಮಾಡಿ ಆಂಟಿ, ಎಲ್ಲಾ ಒಂದೇ ದಿನ ಬೇಡ," ಎಂದು ಮಾರಿಯಾ ಹೇಳಿದ್ದು ಕಿವಿಗೆ ಬೀಳಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯನ್ನು ಆಚೆ ತಳ್ಳಿ ನಿಂತವರು ಕಾಲು ನಡುಗಿ ಜಾನಮಾಜಿನ ಚಾಪೆಯ ಮೇಲೆಯೇ ಕುಸಿದರು. ಆಮೇಲೆ ಕ್ಲಾಸಿಗೂ ಬರಲಿಲ್ಲ, ಮಾರುಕಟ್ಟೆಗೂ ಇಳಿಯಲಿಲ್ಲ.

ಮುನಿವೆಂಕಟಮ್ಮ ಶಿವಾಜಿನಗರದ ಮನೆ ಹುಡುಕಿಕೊಂಡು ಬಂದರು.

"ಬಿಡಿ ಅಮ್ಮಾ, ನನ್ ನಸೀಬಲ್ಲಿ ಕುರ್ಚಿನೇ ಬರ್ದಿದೆ," ಎಂದರು ಕುಲ್ಸುಂ ಬೀ.

"ಮತ್ತೆ ಅಷ್ಟುದ್ದ ಮಾರ್ಕೆಟ್ ಹೆಂಗೆ ದಾಟ್ತಿದ್ರಿ? ನಿಂಬೆಹಣ್ ತಾವ ನಿಂತ್ಕೊಂಡು, ಹೂವಿನ್ ತಾವ ನಿಂತ್ಕೊಂಡು. ನಂಗ್ ಗೊತ್ತಿಲ್ವಾ? ನಾನೂ ಸ್ಟಾಪ್ ಸಿಕ್ದಾಗೆಲ್ಲ ಹತ್ತದೇ ಇರೋ ಬಸ್ಸಿಗೆ ಕಾಯ್ತೀನಿ."

ಕುಲ್ಸುಂ ಬೀ ಬಹಳ ದಿನದ ಮೇಲೆ ನಕ್ಕರು. "ಯಾ ಅಲ್ಲಾ, ನನಗಿಂತ ಕಳ್ಳಿ ನೀವು!"

ಮರುದಿನದಿಂದ ನೀರು ತಾವೇ ಎದ್ದು ತಂದುಕೊಂಡರು. "ಅಮ್ಮೀ, ಆರಾಮ್ ಕರೋ," ಎಂದು ನೌರೀನ್ ಅಡ್ಡ ಬಂದರೆ, "ಆರಾಮ್ ಮಾಡಿ ಮಾಡೀನೇ ಸುಸ್ತಾಗಿರೋದು, ಸರಿ ಆಕಡೆ," ಎಂದರು. ದಿನವೂ ಮಾರುಕಟ್ಟೆಗೆ ಇಳಿದರು. ಅಫ್ಜಲನ ಬಾಯಿಗೆ ಮತ್ತೆ ಕೆಲಸ ಬಂತು.

ತಿಂಗಳುಗಳು ಕಳೆದು ಒಂದು ಸಂಜೆ ಕುರ್ಚಿಯನ್ನು ತಳ್ಳಲಿಲ್ಲ, ಬೆನ್ನ ಹಿಂದೆಯೇ ಇಟ್ಟುಕೊಂಡು ನಿಂತರು. ನಮಾಜಿನ ಮೊದಲ ಸಾಲುಗಳನ್ನು ನಿಂತೇ ಓದಿದರು. ಕಾಲು ನಡುಗತೊಡಗಿದಾಗ ಕುಸಿಯುವ ತನಕ ಕಾಯದೆ, ನಿಂಬೆಹಣ್ಣಿನ ಮುಂದೆ ನಿಂತಷ್ಟೇ ಸಹಜವಾಗಿ ಕೂತು, ಉಳಿದದ್ದನ್ನು ಮುಗಿಸಿದರು. ಈಗಲೂ ಹಾಗೆಯೇ: ಒಂದಿಷ್ಟು ನಿಂತು, ಒಂದಿಷ್ಟು ಕೂತು.

ಇಂಥವರನ್ನು ರೋಗ ಗೆದ್ದವರೆನ್ನುವುದು ಲೋಕದ ರೂಢಿ. ಅವರಿಗೇನೋ ಗೆದ್ದಂತೆ ಅನಿಸುವುದಿಲ್ಲ. ಬೆಳಗಾದರೆ ದಣಿವು ಅವರಿಗಿಂತ ಮೊದಲೇ ಎದ್ದು ಕೂತಿರುತ್ತದೆ. ಅದನ್ನೂ ಜೊತೆಗೆ ಕರೆದುಕೊಂಡು, ನಡುನಡುವೆ ನಿಂತು, ನಿಂತದ್ದಕ್ಕೊಂದು ನೆಪ ಹುಡುಕಿಕೊಂಡು ಹೊರಡುತ್ತಾರೆ. ಎಲ್ಲಿಯೋ ಉಳಿದುಬಿಟ್ಟರೆಂದು ನಾವು ತಿರುಗಿ ನೋಡುವಷ್ಟರಲ್ಲಿ, ಮಾರುಕಟ್ಟೆಯ ಆಚೆ ಬಾಗಿಲಲ್ಲಿ ಇನ್ನಾವುದರದೋ ಬೆಲೆ ಕೇಳುತ್ತಿರುತ್ತಾರೆ.