ಶಾವಿಗೆಯಲ್ಲಿಯೂ ನೋಡಿ

"ಇಲ್ಲ ಅಂತೀರಾ ಹಾಗಾದ್ರೆ?" ಎಂದು ಚನ್ನವೀರಪ್ಪ ಕುರ್ಚಿಯ ತುದಿಗೆ ಜರುಗಿದ.

ಸೇತುರಾಮ ಊದುಬತ್ತಿ ಯಂತ್ರಗಳ ಕಾರ್ಡುಗಳಿದ್ದ ಡ್ರಾಯರನ್ನು ಇನ್ನೊಂದು ಸಲ ಹುಡುಕಿದಂತೆ ಮಾಡಿದ. ಅಲ್ಲಿದ್ದದ್ದು ಹನ್ನೊಂದು ಕಾರ್ಡು. ಹನ್ನೆರಡನೆಯದನ್ನು ಹೋದ ಸೋಮವಾರ ತಾನೇ ಕಿತ್ತು ತನ್ನ ಮೇಜಿನೊಳಗೆ ಹಾಕಿದ್ದ.

ರಾಜಾಜಿನಗರದ ಕಾರ್ಖಾನೆದಾರರ ಸಂಘದಲ್ಲಿ ಪೇಟೆಂಟುಗಳ ಕೋಣೆ ಆರು ವರ್ಷದಿಂದ ಅವನದೇ. ತಾವು ಕಂಡುಹಿಡಿದ ಯಂತ್ರ ನಿಜಕ್ಕೂ ಹೊಸದೋ, ಆಗಲೇ ಇನ್ನೊಬ್ಬರ ಹೆಸರಿನಲ್ಲಿದೆಯೋ ಎಂದು ಜನ ಅಲ್ಲಿಗೆ ಬಂದು ಹುಡುಕಿಸುತ್ತಿದ್ದರು. ಯಂತ್ರದ ಮುಖ್ಯ ಕೆಲಸ ಯಾವುದೋ ಆ ಡ್ರಾಯರಿನಲ್ಲಿ ಅದಕ್ಕೊಂದು ಕಾರ್ಡು. ಸಂಜೆ ತರಗತಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಸೇತುರಾಮ ಅಂಥ ಮೂರು ಸಾವಿರ ಕಾರ್ಡು ಬರೆದಿದ್ದ. ಆಮೇಲೆ ಬಿ.ಎಸ್ಸಿ. ಓದಿದ ಪದ್ಮನಾಭ ಬಂದ. ಒಂದೇ ಯಂತ್ರ ನಾಲ್ಕು ಕೆಲಸಕ್ಕೆ ಬರಬಹುದು, ಹುಡುಕುವವನು ಯಾವ ಕಡೆಯಿಂದ ಬರುತ್ತಾನೋ ಯಾರಿಗೆ ಗೊತ್ತು ಎನ್ನುತ್ತ, ಬೇರೆ ಡ್ರಾಯರುಗಳಲ್ಲಿ 'ಇಂಥಲ್ಲಿಯೂ ನೋಡಿ' ಎಂಬ ಹಳದಿ ಕಾರ್ಡು ಸೇರಿಸತೊಡಗಿದ. ಕಾರ್ಯದರ್ಶಿ ಚಕ್ರಪಾಣಿಯವರು ಎಲ್ಲರೆದುರು ಅವನ ಬೆನ್ನು ತಟ್ಟಿದರು. ಸೇತುರಾಮನಿಗೆ ಅವರು ಆರು ವರ್ಷದಲ್ಲಿ ಹೇಳಿದ್ದು, ಅಕ್ಷರ ದುಂಡಗಿದೆ ಎಂದಷ್ಟೇ.

ತನಗೇಕೆ ಅದು ಹೊಳೆಯಲಿಲ್ಲ? ಊಟಕ್ಕೆ ಕೂತರೂ ಅದೇ ಯೋಚನೆ. ಊದುಬತ್ತಿಯ ಡ್ರಾಯರಿನಲ್ಲಿ 'ಶಾವಿಗೆ ಒರಳಿನಲ್ಲಿಯೂ ನೋಡಿ' ಎಂದಿದ್ದದ್ದು ಕಂಡಾಗ, ದೇವರ ಮನೆಗೂ ಅಡುಗೆ ಮನೆಗೂ ಏನು ಸಂಬಂಧ ಎಂದು ನಕ್ಕು ತೆಗೆದುಬಿಟ್ಟಿದ್ದ. ಆಮೇಲೆ ಮನಸ್ಸು ತಡೆಯದೆ ಆ ಶಾವಿಗೆ ಒರಳಿನ ಪೇಟೆಂಟನ್ನು ಓದಿದ. ಸಂಬಂಧ ಇತ್ತು. ಹಿಟ್ಟಿನ ಬದಲು ಮಸಾಲೆ ತುಂಬಿ, ನಡುವೆ ಕಡ್ಡಿ ತೂರಿಸಿದರೆ ಊದುಬತ್ತಿಯೂ ಆಗುತ್ತದೆಂದು ಏಳನೆಯ ಪುಟದಲ್ಲಿ ಬರೆದಿತ್ತು. ಆದರೂ ಕಾರ್ಡನ್ನು ವಾಪಸು ಇಟ್ಟಿರಲಿಲ್ಲ.

ಚನ್ನವೀರಪ್ಪ ತಂದಿದ್ದ ನಕ್ಷೆಯೂ ಅದೇ ಯಂತ್ರದ್ದು.

"ಎಂಟು ವರ್ಷ ಇದ್ರ ಹಿಂದೇನೇ ಬಿದ್ದಿವ್ನಿ ಸ್ವಾಮಿ. ನೀವು ಇಲ್ಲ ಅಂದ್ಬಿಟ್ರೆ, ಇದ್ನೇ ಮಾಡಿ ಮಾರೋಕೆ ನಾಳೇನೇ ಮಿಲ್ಲಿನ ಕೆಲ್ಸ ಬಿಡ್ತೀನಿ ಅಂತ ಕಾಗದ ಕೊಟ್ಬಿಡ್ತೀನಿ."

ಪದ್ಮನಾಭ ತಂಗಿಯ ಮದುವೆಗೆಂದು ರಜೆಯಲ್ಲಿದ್ದ. ಇಲ್ಲ ಎಂದರೆ ಈ ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಸೇತುರಾಮ ಎದ್ದು, ಬೀರುವಿನಿಂದ ಶಾವಿಗೆ ಒರಳಿನ ಪೇಟೆಂಟನ್ನು ತಂದು, ಏಳನೆಯ ಪುಟ ತೆರೆದು ಅವನ ಮುಂದಿಟ್ಟ.

ಚನ್ನವೀರಪ್ಪ ಚಿತ್ರದ ಮೇಲೆ ಬೆರಳಾಡಿಸಿದ.

"ಶಾವಿಗೇಲಿ ಯಾರು ಹುಡುಕ್ತಾರೆ ಸ್ವಾಮಿ," ಎಂದ ಕೊನೆಗೆ. "ಕೆಲ್ಸ ಉಳಿಸಿದ್ರಿ. ಏನು ತಲೆ ನಿಮ್ದು."

ಬಾಗಿಲಲ್ಲಿ ಚಕ್ರಪಾಣಿಯವರು ನಿಂತಿದ್ದರು. "ಭೇಷ್ ಕಣಯ್ಯಾ ಸೇತುರಾಮ," ಎಂದರು.

ಆರು ವರ್ಷ ಕಾದ ಮಾತು. ಅದು ಕಿವಿಗೆ ಬಿದ್ದ ಮೇಲೆ ಅವನು ತೆರೆದ ಡ್ರಾಯರಿನ ಕಡೆ ನೋಡಿದ.

"ಪದ್ಮನಾಭನ ಕಾರ್ಡಲ್ಲಿತ್ತು, ಸಾರ್."

"ಅದೇ ನೋಡು ಆ ಹುಡುಗನ ಬುದ್ಧಿ," ಎಂದಾಗ ಚಕ್ರಪಾಣಿಯವರ ಮುಖ ಇನ್ನಷ್ಟು ಅರಳಿತು. ತೆರೆದಿದ್ದ ಡ್ರಾಯರಿಗೆ ಬಗ್ಗಿ, ಕಾರ್ಡುಗಳನ್ನು ಒಂದೊಂದಾಗಿ ಸರಿಸಿದರು. "ಎಲ್ಲಿದೆ? ಹಳದಿ ಯಾವುದೂ ಕಾಣ್ತಿಲ್ವಲ್ಲ."

ಸೇತುರಾಮ ತನ್ನ ಮೇಜಿನ ಬಳಿಗೆ ಹೋಗಿ, ಟಿಫಿನ್ ಡಬ್ಬಿಯ ಅಡಿಯಿಂದ ಅದನ್ನು ತೆಗೆದು ಅವರ ಕೈಗೆ ಕೊಟ್ಟ. ಅವರು ಕಾರ್ಡನ್ನು ನೋಡಿದರು, ಮೇಜನ್ನು ನೋಡಿದರು. ಕಾರ್ಡನ್ನು ತಾವೇ ಡ್ರಾಯರಿನಲ್ಲಿ ಸೇರಿಸಿದರು.

ಚನ್ನವೀರಪ್ಪ ತನ್ನ ನಕ್ಷೆಯನ್ನು ಮಡಿಸುತ್ತಿದ್ದ. ಹಳೆಯ ಮಡಿಕೆಗಳು ಸರಿಯಾಗಿ ಕೂಡಿಬರುತ್ತಿರಲಿಲ್ಲ. ಬಿಡಿಸಿ ಮತ್ತೆ ಮಡಿಸಿದ, ಮತ್ತೆ ಬಿಡಿಸಿದ.