ಒತ್ತಿದೆ, ಬಿಟ್ಟೆ

ಬ್ರೇಕ್ ಆಯಿಲ್ ಬದಲಿಸುವುದು ನಮ್ಮಲ್ಲಿ ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ ಚಕ್ರದ ಹಿಂದಿರುವ ಸಣ್ಣ ತಿರುಪನ್ನು ಸಡಿಲಿಸಬೇಕು. ಆಗ ಹಳೆಯ ಎಣ್ಣೆ ಪೈಪಿನಲ್ಲಿ ಹರಿದು ಬಾಟಲಿಗೆ ಇಳಿಯುತ್ತದೆ. ತಿರುಪನ್ನು ಮತ್ತೆ ಬಿಗಿ ಮಾಡಿದ ಮೇಲೆಯೇ ಕಾಲು ಮೇಲೇಳಬೇಕು. ಅವಸರಪಟ್ಟು ಮೊದಲೇ ಎತ್ತಿದರೆ ಎಣ್ಣೆ ಹೋದ ದಾರಿಯಲ್ಲೇ ಗಾಳಿ ಒಳಗೆ ಬಂದು ಕೂರುತ್ತದೆ, ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲುವ ಭರವಸೆಯಿಲ್ಲ. ಕೆಳಗಿರುವವನಿಗೆ ಮೇಲಿನ ಕಾಲು ಕಾಣುವುದಿಲ್ಲ. ಹಾಗಾಗಿ ಎಲ್ಲವೂ ಮಾತಿನ ಮೇಲೆ ನಡೆಯಬೇಕು.

ನಮ್ಮ ಗ್ಯಾರೇಜಿನಲ್ಲಿ ಕೆಳಗೆ ಮಲಗುವವನು ಅಪ್ಪ, ಮೇಲೆ ಕೂರುವವಳು ಅಮ್ಮ. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ.

“ಒತ್ತು.”

“ಒತ್ತಿದೆ.”

“ಬಿಡು.”

“ಬಿಟ್ಟೆ.”

ಮದುವೆಯಾದಾಗಿನಿಂದ ಇವರಿಬ್ಬರು ಆಡಿದ್ದರಲ್ಲಿ ಮುಕ್ಕಾಲು ಪಾಲು ಇದೇ ಇರಬೇಕು ಎಂದು ನಾನು ಕಾಲೆಳೆಯುತ್ತಿದ್ದೆ. ಜಗಳವಾಡಿ ಮುಖ ಊದಿಸಿಕೊಂಡ ದಿನವೂ ಇಷ್ಟು ಮಾತು ಮಾತ್ರ ತಪ್ಪುತ್ತಿರಲಿಲ್ಲ. ಅಮ್ಮ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಪೆಡಲ್ ತುಳಿಯುವಳು. ಬರಿಗಾಲಿಗೆ ಗಾಳಿ ಇರುವುದು ಗೊತ್ತಾಗುತ್ತದಂತೆ, ಚಪ್ಪಲಿ ಸುಳ್ಳು ಹೇಳುತ್ತದಂತೆ.

ಅಪ್ಪನನ್ನು ಜನ ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ಗಾಡಿ ತಂದವರನ್ನು ಹಿಡಿದು ನಿಲ್ಲಿಸಿ ಪಾಠ ಮಾಡದೆ ಬಿಡುವವನಲ್ಲ. ಈ ಎಣ್ಣೆ ಮುಚ್ಚಿಟ್ಟ ಡಬ್ಬಿಯಲ್ಲೂ ಗಾಳಿಯ ತೇವ ಹೀರುತ್ತದೆ, ಕಪ್ಪಾಗುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾದರೆ ಒಳಗಿನ ನೀರು ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನನಗೆ ತಿರುಪು ಬಿಚ್ಚುವ ಪಾನಾ ಹಿಡಿಯಲೂ ಬಾರದು. ಫೋನು ಎತ್ತುವುದು, ಬಿಡಿಭಾಗ ತರಿಸುವುದು, ಮುಗಿದ ಗಾಡಿಯ ಕೀಲಿ ಕೊಡುವುದು ಇಷ್ಟೇ ನನ್ನ ಪಾಲಿನ ಕೆಲಸ.

ಅಮ್ಮನಿಗೆ ಮರೆವು ಶುರುವಾದದ್ದು ಅಡುಗೆಮನೆಯಲ್ಲಿ. ಉರಿಯುವ ಒಲೆಯ ಮೇಲೆ ಬರಿ ಪಾತ್ರೆ ಇಟ್ಟು ಬಂದಳು. ನಂತರ ಬಾಗಿಲುಗಳು ಮರೆತುಹೋದವು. ಬಚ್ಚಲಿಗೆಂದು ಹೊರಟವಳು ಗ್ಯಾರೇಜಿನಲ್ಲಿ ನಿಂತಿರುತ್ತಿದ್ದಳು. ಕೆಲವು ದಿನ ನನ್ನನ್ನು ಅಕ್ಕರೆಯಿಂದ ಬೈಯುವಳು, ಕೆಲವು ದಿನ ಮನೆಗೆ ಬಂದ ಅಪರಿಚಿತರೊಡನೆ ಆಡುವಷ್ಟು ಮರ್ಯಾದೆಯಿಂದ ಮಾತಾಡುವಳು.

“ಇನ್ನು ಅಮ್ಮನ್ನ ಪೆಡಲ್‌ಗೆ ಕೂರಿಸ್ಬೇಡ” ಎಂದು ಅಪ್ಪನಿಗೆ ಹೇಳಿದೆ.

“ಎಲ್ಲ ಮರೆತಿದಾಳೆ, ಇದೊಂದು ಮರೆತಿಲ್ಲ. ಕೇಳಿಸ್ಕೊಂಡಿಲ್ವಾ ನೀನು?”

ಕೇಳಿಸಿಕೊಂಡಿದ್ದೆ. ಅಮ್ಮನ “ಒತ್ತಿದೆ”, “ಬಿಟ್ಟೆ” ಎಂದಿನಂತೆ ಸರಿಯಾದ ಹೊತ್ತಿಗೆ, ಗಟ್ಟಿ ದನಿಯಲ್ಲಿ ಬರುತ್ತಿದ್ದವು. ಆ ದನಿ ಕೇಳಿದರೆ ನನಗೂ ಸಮಾಧಾನವಾಗುತ್ತಿತ್ತು. ನನ್ನ ಕೆಲಸಕ್ಕೆ ಹೋದೆ.

ಆ ದಿನ ಬಂದದ್ದು ಟೈಲರಕ್ಕನ ಗಾಡಿ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅವಳು ಸಂಜೆಗೆ ಬರುತ್ತೇನೆಂದು ಹೇಳಿ ಹೋಗಿದ್ದಳು. ಅಪ್ಪ ಅಮ್ಮ ಬೆಳಗ್ಗೆಯೆಲ್ಲ ಒತ್ತಿ ಬಿಟ್ಟು ಮುಗಿಸಿದರು. ಊಟವಾದ ಮೇಲೆ ಅಮ್ಮ ಯಾಕೋ ಹಟ ಹಿಡಿದಳು, ಮಲಗಲು ಒಲ್ಲೆನೆಂದಳು. ಅವಳ ಕೈಹಿಡಿದು ಅಪ್ಪ ಒಳಗೆ ಕೂತ. ಅಷ್ಟರಲ್ಲಿ ಟೈಲರಕ್ಕ ಬಂದಳು. ಹೊಲಿದ ಬಟ್ಟೆ ತಲುಪಿಸಲು ತುರ್ತಾಗಿ ಹೋಗಬೇಕಿತ್ತಂತೆ. ಚಕ್ರಗಳನ್ನು ಜೋಡಿಸಿಯಾಗಿತ್ತು, ಗಾಡಿ ಜಾಕಿನಿಂದ ಇಳಿದಿತ್ತು. ನಾನು ಕೀಲಿ ಕೊಟ್ಟೆ. ಸೀಟಿನ ತುಂಬ ಬಟ್ಟೆಯ ಗಂಟು ಹೇರಿಕೊಂಡು ಅವಳು ಹೊರಟುಹೋದಳು.

ಅಮ್ಮ ನಿದ್ದೆ ಹೋದ ಮೇಲೆ ಹೊರಗೆ ಬಂದ ಅಪ್ಪ ಖಾಲಿ ಜಾಗ ನೋಡಿದ.

“ಗಾಡಿ ಎಲ್ಲಿ?”

“ಟೈಲರಕ್ಕ ತಗೊಂಡು ಹೋದ್ರು.”

ಅಪ್ಪನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಫೋನು ಮಾಡು ಎಂದ. ಮಾಡಿದೆ, ಅವಳು ಎತ್ತಲಿಲ್ಲ. ಅಮ್ಮನ ಕೋಣೆಯ ಬಾಗಿಲು ಎಳೆದು, ಪಕ್ಕದ ಪಂಕ್ಚರ್ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ ಇಬ್ಬರೂ ನಮ್ಮ ವ್ಯಾನು ಹತ್ತಿದೆವು.

“ಏನಾಗಿದೆ ಹೇಳು” ಎಂದೆ.

“ನಿಮ್ಮಮ್ಮನ ಕಾಲು ಪೆಡಲ್ ಮೇಲೆ ಇರಲ್ಲ.” ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಬಾಯಿ ಮಾತ್ರ ಒತ್ತಿದೆ ಅನ್ನುತ್ತೆ. ಪೈಪಲ್ಲಿ ಒಂದು ಹನಿ ಬರಲ್ಲ. ನಾನು ಬಿಡು ಅಂತೀನಿ, ಬಿಟ್ಟೆ ಅಂತಾಳೆ. ಅವಳಿಗೆ ಗೊತ್ತಾಗ್ಬಾರ್ದು ಅಂತ ಚಕ್ರ ಹಾಕಿ ಇಳಿಸಿಡ್ತೀನಿ, ಅವಳು ಮಲಗಿದ ಮೇಲೆ ಪೆಡಲ್‌ಗೆ ಕೋಲು ಆನಿಸಿ ನಾನೊಬ್ಬನೇ ಮೇಲೆ ಕೆಳಗೆ ಓಡಾಡಿ ಎಲ್ಲ ಮತ್ತೆ ಮಾಡ್ತೀನಿ.”

“ಯಾವಾಗಿಂದ?”

“ಬಹಳ ದಿನ ಆಯ್ತು. ಇವತ್ತು ನಡುವೆ ಒಂದು ಸಲ ಒತ್ತಿ, ತಿರುಪು ಬಿಚ್ಚಿರೋವಾಗಲೇ ಬಿಟ್ಟುಬಿಟ್ಟಳು. ಗಾಳಿ ಹೋಗಿದೆ ಒಳಗೆ.”

ನನಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನೊಬ್ಬಳಿಗೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಊರಿಗೆಲ್ಲ ಬ್ರೇಕಿನ ಪಾಠ ಮಾಡುವವನು ಮನೆಯೊಳಗೆ ಇಷ್ಟು ದೊಡ್ಡ ಸುಳ್ಳು ಸಾಕಿಕೊಂಡಿದ್ದ. ಟೈಲರಕ್ಕನಿಗೆ ಮತ್ತೆ ಫೋನು ಮಾಡಿದೆ, ಈಗಲೂ ಎತ್ತಲಿಲ್ಲ.

ನಮ್ಮ ಬೀದಿ ದಾಟಿದ ಮೇಲೆ ಸಿಗುವ ಇಳಿಜಾರಿನ ಕೊನೆಯಲ್ಲಿ ಜನ ಸೇರಿದ್ದರು. ಟೈಲರಕ್ಕನ ಗಾಡಿ ಫುಟ್‌ಪಾತಿನ ಮೇಲೆ ಹತ್ತಿ ಒಂದು ಗೋಡೆಗೆ ಮೂತಿ ಒರಗಿಸಿ ನಿಂತಿತ್ತು. ಒಂದು ದೀಪ ಪುಡಿಯಾಗಿತ್ತು. ಅವಳು ಕಲ್ಲಿನ ಮೇಲೆ ಕೂತಿದ್ದಳು, ಪೆಟ್ಟೇನೂ ಆಗಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಗಾಡಿ ತಿರುಗಿಸಿದ್ದಳು, ಅದರಿಂದ ಬದುಕಿದಳು. ಆ ಗೋಡೆಯ ಮುಂದೆ ಆಗಷ್ಟೇ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ದಾಟಿ ಹೋಗಿದ್ದಳಂತೆ. ಅಲ್ಲಿದ್ದವರು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

“ಮೇಷ್ಟ್ರೇ, ತುಳಿದೆ, ಕಾಲ ಕೆಳಗೆ ಏನೂ ಇರಲಿಲ್ಲ” ಎಂದಳು ಟೈಲರಕ್ಕ.

“ತಪ್ಪು ನಂದಮ್ಮ. ಪೂರ್ತಿ ನಂದೇ.” ಅಪ್ಪ ಎಲ್ಲರ ಎದುರೂ ಹೇಳಿದ.

ಅವಳ ಗಾಡಿಯನ್ನು ವ್ಯಾನಿಗೆ ಬಿಗಿದು ಹಿಂದಿನ ಸಮತಟ್ಟಾದ ಗಲ್ಲಿಯಲ್ಲಿ ನಿಧಾನಕ್ಕೆ ಎಳೆದು ತಂದೆವು. ಟೈಲರಕ್ಕನೂ ಜೊತೆಗೆ ಬಂದಳು. ನಾನು ಕೊಟ್ಟ ನೀರು ಕುಡಿದು ಗ್ಯಾರೇಜಿನ ಬೆಂಚಿನ ಮೇಲೆ ಕೂತಳು. ಅಪ್ಪ ಗಾಡಿಯನ್ನು ಜಾಕಿಗೆ ಏರಿಸುವ ಸದ್ದಿಗೆ ಅಮ್ಮ ಎದ್ದು ಬಂದಳು. ಗಾಡಿ ಕಂಡವಳೇ ಚಪ್ಪಲಿ ಬಿಟ್ಟು ನೇರ ಅದರ ಬಾಗಿಲಿಗೆ ಕೈಹಾಕಿದಳು. ಅಪ್ಪ ಅಡ್ಡ ನಿಂತ.

“ಇನ್ನು ಮೇಲೆ ನೀನು ಕೂರೋದು ಬೇಡ.”

“ಯಾಕೆ? ನಾನೇನು ಮಾಡಿದೆ?”

“ಏನೂ ಇಲ್ಲ. ನಿನಗೂ ವಯಸ್ಸಾಯ್ತು. ಸಾಕು.”

“ನಂಗೆ ಸಾಕಾಗಿಲ್ಲ” ಎಂದಳು ಅಮ್ಮ. ಕೈ ಬಾಗಿಲ ಮೇಲೆಯೇ ಇತ್ತು.

ಅಪ್ಪ ನನ್ನತ್ತ ನೋಡಿದ. ನಾನು ಅವನ ನೆರವಿಗೆ ಹೋಗಲಿಲ್ಲ. ಇದನ್ನು ಅವನೇ ಹೇಳಬೇಕಿತ್ತು.

“ನಿನ್ನ ಬಾಯಿ ಒತ್ತಿದೆ ಅನ್ನುತ್ತೆ, ಕಾಲು ಒತ್ತಿರಲ್ಲ” ಎಂದ. “ಇವತ್ತು ಬ್ರೇಕ್ ಹಿಡೀದೆ ಈಯಮ್ಮ ಗೋಡೆಗೆ ಗುದ್ದಿಕೊಂಡ್ರು.”

ಅಮ್ಮ ಒಡೆದ ದೀಪ ನೋಡಿದಳು. ಬೆಂಚಿನ ಮೇಲಿದ್ದವಳನ್ನು ನೋಡಿದಳು. ಆಮೇಲೆ ತನ್ನ ಬರಿಗಾಲನ್ನು ನೋಡಿಕೊಂಡಳು.

“ನಾನು ಒತ್ತದೇನೇ ಒತ್ತಿದೆ ಅಂದ್ನಾ?”

“ಹೂಂ.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ನೀವ್ಯಾಕೆ ಬಿಡು ಅಂದ್ರಿ?”

ಅಪ್ಪ ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ತನ್ನ ಬಟ್ಟೆಯ ಅಂಚಿನಿಂದ ಅವನ ಹಣೆ ಒರೆಸಿದಳು. ಏನೋ ತೀರ್ಮಾನಕ್ಕೆ ಬಂದವಳಂತೆ ಬಾಗಿಲಿನಿಂದ ಕೈ ತೆಗೆದಳು.

“ಹಾಗಾದ್ರೆ ನಿಮಗೆ ಯಾರು ಒತ್ತಿಕೊಡ್ತಾರೆ?”

ಅಪ್ಪ ನನ್ನನ್ನು ತೋರಿಸಿದ. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಈ ಹುಡುಗಿಗೆ ಬರುತ್ತಾ?”

“ಬರಲ್ಲ. ನೀನು ಹೇಳಿಕೊಡು.”

ನಾನು ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತೆ. ಅಮ್ಮ ತೆರೆದ ಬಾಗಿಲ ಬಳಿ ಬಗ್ಗಿ ನಿಂತಳು. “ನೋಡಮ್ಮ, ಅವರು ಕೆಳಗಿರ್ತಾರೆ, ಮೇಲಿನದು ಅವರಿಗೆ ಏನೂ ಕಾಣಲ್ಲ. ನೀನು ಹೇಳಿದ್ದನ್ನೇ ನಂಬ್ತಾರೆ” ಎಂದಳು. ಅವಳ ಮಾತಿನಲ್ಲಿ ಹೊಸದಾಗಿ ಕೆಲಸಕ್ಕೆ ಬಂದವಳಿಗೆ ಕೊಡುವ ಮರ್ಯಾದೆ ಇತ್ತು. ಅಪ್ಪ ಗಾಡಿಯ ಕೆಳಗೆ ಸರಿದ, ಪಾನಾ ಕಬ್ಬಿಣಕ್ಕೆ ತಾಗಿದ ಸದ್ದು ಕೇಳಿಸಿತು.

“ಒತ್ತು.”

“ಒತ್ತಿದೆ” ಎಂದೆ.

ಅಮ್ಮ ನನ್ನ ಮೊಣಕಾಲಿನ ಮೇಲೆ ಪಟ್ಟನೆ ಒಂದು ಏಟು ಹಾಕಿದಳು.

“ಮೊದಲು ಒತ್ತು” ಎಂದಳು. “ಆಮೇಲೆ ಹೇಳು.”